ತೋಪಿನ ಗುಂಡು ಬಿದ್ದರೆ ಹಡಗು ಮುಳುಗುತ್ತಿತ್ತಾ?

ಪುಣೆ, ಮುಂಬೈ ಕಡೆ ಇರೋ ನಮ್ಮವರು ಒಂದಲ್ಲ ಒಂದು ವೀಕೆಂಡಿನಲ್ಲಿ ಮುರುಡ್ ಜಂಜಿರಾ ಕೋಟೆಗೆ ಹೋಗಿಯೇ ಇರ್ತೀರಿ. ರಾಜಪುರಿಯಲ್ಲಿ ದೋಣಿ ಹತ್ತೋದು, ಸಮುದ್ರದ ನಡುವಿನ ಕೋಟೆಯಲ್ಲಿ ಇಳಿಯೋದು, ಕಲಾಲ್ ಬಾಂಗಡಿ ಅನ್ನೋ ಆ ದೈತ್ಯ ತೋಪಿನ ಮೇಲೆ ಕೈಯಿಟ್ಟು ಫೋಟೋ ತೆಗೆಸಿಕೊಳ್ಳೋದು. ನಾನು ಹೋದಾಗ ಅಲ್ಲಿನ ಗೈಡ್ ಬಹಳ ಹುಮ್ಮಸ್ಸಿನಿಂದ ಹೇಳಿದ: ಇದರ ಒಂದು ಗುಂಡು ಬಿದ್ದರೆ ಸಾಕು, ಹಡಗು ಸೀದಾ ನೀರಿನ ತಳಕ್ಕೆ! ಎಲ್ಲರೂ ತಲೆಯಾಡಿಸಿದ್ವಿ. ನಮ್ಮ ಟೀಮಿನ ರಾಯಚೂರಿನ ಹುಡುಗ ಒಬ್ಬ ಮಾತ್ರ ಮೆಲ್ಲಗೆ ಕೇಳಿದ: "ಸರ್, ಗುಂಡು ಅಂದ್ರೆ ಕಬ್ಬಿಣದ ಉಂಡೆ. ಅದು ಸಿಡಿಯೋದಿಲ್ಲ. ಒಂದು ತೂತು ಬೀಳ್ತದ. ತೂತಿಗೆ ಗೋಣಿ ತುರುಕಿದ್ರೆ ಮುಗೀತಲ್ಲ?"

ಆಗ ನಾನು ನಕ್ಕೆ. ಆಮೇಲೆ ಮನೆಗೆ ಬಂದು ಓದಲಿಕ್ಕೆ ಕೂತಾಗ ಗೊತ್ತಾಯ್ತು, ಅವನು ಹೇಳಿದ್ದೇ ಹೆಚ್ಚು ಕಡಿಮೆ ಸರಿ. ಹಿಂದೊಂದು ವಿಡಿಯೋದಲ್ಲಿ ನಾನೇ "ಗುಂಡಿನ ಏಟಿಗೆ ಹಡಗುಗಳು ಒಂದೊಂದಾಗಿ ಮುಳುಗಿದವು" ಅಂತ ಧಾರಾಳವಾಗಿ ಹೇಳಿಬಿಟ್ಟಿದ್ದೆ. ಆ ತಪ್ಪನ್ನು ಸರಿಮಾಡೋದಕ್ಕೇ ಇವತ್ತಿನ ಮಾತು.

ಕೋಟೆಯ ತೋಪು ಒಂದು ಕಡೆ ಇರಲಿ. ಹಡಗಿನ ತೋಪಿನ ಕಥೆ ತಿಳೀಬೇಕು ಅಂದ್ರೆ ಚೆನ್ನಾಗಿ ದಾಖಲೆ ಇರುವ ಒಂದು ಯುದ್ಧ, ಒಂದು ಹಡಗು ಹಿಡಿಯೋಣ. 1805ರ ಅಕ್ಟೋಬರ್ 21, ಸ್ಪೇನಿನ ಟ್ರಫಾಲ್ಗರ್ ಭೂಶಿರದ ಹತ್ತಿರ. ಒಂದು ಕಡೆ ಬ್ರಿಟಿಷರ 27 ದೊಡ್ಡ ಯುದ್ಧನೌಕೆ, ಇನ್ನೊಂದು ಕಡೆ ಫ್ರೆಂಚರು ಮತ್ತು ಸ್ಪ್ಯಾನಿಷರು ಸೇರಿ 33. ಮಧ್ಯಾಹ್ನದಿಂದ ಸಂಜೆವರೆಗೆ ಸಾವಿರಾರು ಗುಂಡು ಹಾರಿದವು, ಎಷ್ಟೋ ಸಲ ಕೈಚಾಚಿದರೆ ಮುಟ್ಟುವಷ್ಟು ಹತ್ತಿರದಿಂದ. ಆ ಸಂಜೆ ಯುದ್ಧ ನಿಂತಾಗ ಗುಂಡಿನ ತೂತುಗಳಿಂದ ನೀರು ತುಂಬಿ ಮುಳುಗಿದ ಹಡಗು ಎಷ್ಟು? ಒಂದೂ ಇಲ್ಲ. ಅಶೀಲ್ ಅನ್ನೋ ಫ್ರೆಂಚ್ ಹಡಗು ನಾಶವಾಯ್ತು, ಆದರೆ ಅದು ಬೆಂಕಿ ಹತ್ತಿ ಮದ್ದು ಸಿಡಿದದ್ದರಿಂದ. 17 ಹಡಗುಗಳು ಶರಣಾದವು. ಅವುಗಳಲ್ಲಿ ಹಲವನ್ನು ನುಂಗಿದ್ದು ಮರುದಿನದಿಂದ ಎದ್ದ ಬಿರುಗಾಳಿ.

ಹಾಗಾದರೆ ಅವು ಶರಣಾಗಿದ್ದು ಯಾಕೆ? ಫ್ರೆಂಚರ ರೆಡೂಟಬ್ಲ್ ಹಡಗಿನಲ್ಲಿದ್ದವರು 643 ಜನ. ಅದರ ಕ್ಯಾಪ್ಟನ್ ಲ್ಯೂಕಾ ಕೊಟ್ಟ ವರದಿಯ ಪ್ರಕಾರ 300 ಜನ ಸತ್ತರು, 222 ಜನ ಗಾಯಗೊಂಡರು. ಹಡಗು ಇನ್ನೂ ತೇಲುತ್ತಿತ್ತು, ಅದನ್ನು ನಡೆಸುವವರು ಉಳಿದಿರಲಿಲ್ಲ. ಇದು ಹೇಗಾಯ್ತು ಅಂತ ತಿಳಿಯೋಕೆ ತೋಪಿನ ಪಕ್ಕ ಹೋಗಿ ನಿಲ್ಲಬೇಕು.

ನೆಲ್ಸನ್ ಇದ್ದ ವಿಕ್ಟರಿ ಹಡಗನ್ನೇ ತಗೊಳ್ಳಿ. ಅದು ಈಗಲೂ ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿದೆ. ಅದರಲ್ಲಿ 104 ತೋಪು. ಎಲ್ಲಕ್ಕಿಂತ ಕೆಳಗಿನ ತೋಪಿನ ಅಟ್ಟದಲ್ಲಿ 32 ಪೌಂಡ್ ಗುಂಡು ಹಾರಿಸುವ 30 ತೋಪುಗಳು. ಗುಂಡಿನ ತೂಕ ಸುಮಾರು 14.5 ಕಿಲೋ, ಅಂದ್ರೆ ನಿಮ್ಮ ಅಡುಗೆಮನೆಯ ತುಂಬಿದ ಗ್ಯಾಸ್ ಸಿಲಿಂಡರಿನ ಒಳಗಿರೋ ಗ್ಯಾಸಿನಷ್ಟು. ತೋಪಿನ ತೂಕವೇ ಎರಡೂ ಮುಕ್ಕಾಲು ಟನ್. ಅದು ಕೂತಿರೋದು ನಾಲ್ಕು ಗಿಡ್ಡ ಮರದ ಗಾಲಿಗಳ ಗಾಡಿ ಮೇಲೆ. ಅಟ್ಟದ ಸೂರು ಎಷ್ಟು ತಗ್ಗು ಅಂದ್ರೆ ಎತ್ತರದವರು ತಲೆ ಬಗ್ಗಿಸಿಯೇ ಓಡಾಡಬೇಕು.

ತೋಪಿನ ಸುತ್ತ ಹತ್ತು ಹನ್ನೆರಡು ಜನ. ಮೊದಲು ಒದ್ದೆ ಮಾಡಿದ ಕುರಿತೊಗಲಿನ ಕುಂಚ ಒಳಗೆ ತೂರಿಸಿ ಕೊಳವೆ ಒರೆಸಬೇಕು. ಹಿಂದಿನ ಸಲದ ಒಂದು ಕಿಡಿ ಒಳಗೆ ಉಳಿದಿದ್ದರೂ ಹೊಸ ಮದ್ದು ಹಾಕುವವನ ಮುಖಕ್ಕೇ ಸಿಡಿಯುತ್ತೆ. ಆಮೇಲೆ ಫ್ಲಾನೆಲ್ ಬಟ್ಟೆಯ ಚೀಲದಲ್ಲಿ ಕಟ್ಟಿದ ಮದ್ದು, ಗುಂಡು, ಅದು ಉರುಳದ ಹಾಗೆ ಹಳೇ ಹಗ್ಗದ ಉಂಡೆ. ಎಲ್ಲವನ್ನೂ ದಂಡದಿಂದ ಗಿಡಿದು, ಹಗ್ಗ ಎಳೆದು ತೋಪನ್ನು ಕಿಂಡಿಯಿಂದ ಹೊರಗೆ ತಳ್ಳಬೇಕು. ಹಿಂದಿನ ಸಣ್ಣ ರಂಧ್ರದಿಂದ ತಂತಿ ಹಾಕಿ ಚೀಲ ಚುಚ್ಚಿ, ಕಿಡಿ ಹಿಡಿಯುವ ಮದ್ದು ತುಂಬಿದ ಗರಿಯ ನಳಿಕೆ ಇಡಬೇಕು. ಬ್ರಿಟಿಷರು ಆಗಲೇ ಬಂದೂಕಿನಲ್ಲಿರುವಂಥ ಚಕಮಕಿ ಕಲ್ಲಿನ ಕುದುರೆಯನ್ನು ತೋಪಿಗೂ ಹಾಕಿದ್ದರು. ತೋಪಿನವ ದೂರ ಹಿಂದೆ ನಿಂತು, ದಾರ ಹಿಡಿದು, ಹಡಗು ಅಲೆಯ ಮೇಲೆ ಏಳೋದನ್ನೋ ಇಳಿಯೋದನ್ನೋ ಕಾದು, ಜಗ್ಗುತ್ತಿದ್ದ. ಸಣ್ಣ ಸಂಗತಿ ಅನಿಸಬಹುದು. ಆದರೆ ಬತ್ತಿ ತಗುಲಿಸಿ ಕಾಯೋ ಆ ಅರೆಗಳಿಗೆಯಲ್ಲಿ ಹಡಗು ಓಲಾಡಿದರೆ ಗುಂಡು ಸಮುದ್ರಕ್ಕೋ ಆಕಾಶಕ್ಕೋ ಹೋಗ್ತಿತ್ತು.

ಈಗ ಹಿಂದೊದೆತದ ವಿಚಾರ. ಇಲ್ಲಿ ಇಂಜಿನಿಯರಿಂಗ್ ಓದಿದವರೇ ಜಾಸ್ತಿ, ಆದ್ದರಿಂದ ಲೆಕ್ಕ ಹಾಕೋಣ. ಗುಂಡು ಬಾಯಿಂದ ಹೊರಡುವಾಗ ಸೆಕೆಂಡಿಗೆ ಸುಮಾರು 480 ಮೀಟರ್ ವೇಗ. ಅದರ ಜೊತೆಗೆ ಐದು ಕಿಲೋದಷ್ಟು ಮದ್ದಿನ ಹೊಗೆಯೂ ಮುಂದಕ್ಕೆ ನುಗ್ಗುತ್ತೆ. ನ್ಯೂಟನ್ನಿನ ಮೂರನೇ ನಿಯಮ ಹಿಡಿದರೆ ಗಾಡಿ ಸಮೇತ ಮೂರು ಟನ್ನಿಗೂ ಮೀರಿದ ತೋಪು ಸೆಕೆಂಡಿಗೆ ಸುಮಾರು 3 ಮೀಟರ್ ವೇಗದಲ್ಲಿ ಹಿಂದಕ್ಕೆ ಹಾರುತ್ತೆ. ಸೈಕಲ್ ವೇಗ ಅಷ್ಟೇ. ಆದರೆ ತುಂಬಿದ ಟೆಂಪೋದಷ್ಟು ಭಾರ, ತಗ್ಗು ಸೂರಿನ ಕತ್ತಲ ಕೋಣೆಯಲ್ಲಿ, ಹತ್ತು ಜನರ ಮಧ್ಯೆ. ಹಿಂದೆ ಕಾಲಿಟ್ಟವನ ಗತಿ ಕೇಳಬೇಡಿ.

ನಾನು ಮೊದಲು ಅಂದುಕೊಂಡಿದ್ದು ಈ ಒದೆತ ಒಂದು ಪೀಡೆ, ಅದನ್ನು ತಡೆಯೋಕೇ ದಪ್ಪ ಹಗ್ಗ ಕಟ್ತಿದ್ರು ಅಂತ. ಆದರೆ ಆ ಹಗ್ಗದ ಅಳತೆಯಲ್ಲೇ ಜಾಣತನ ಇರೋದು. ತೋಪಿನ ಹಿಂಬದಿಗೆ ಸುತ್ತಿ, ಹಡಗಿನ ಗೋಡೆಯ ಕಬ್ಬಿಣದ ಬಳೆಗಳಿಗೆ ಎರಡೂ ತುದಿ ಕಟ್ಟಿರುತ್ತಿದ್ರು. ತೋಪು ಹಿಂದಕ್ಕೆ ಓಡಿ, ಬಾಯಿ ಕಿಂಡಿಯಿಂದ ಪೂರ್ತಿ ಒಳಗೆ ಬಂದು, ಮುಂದೆ ಒಬ್ಬ ಮನುಷ್ಯ ನಿಂತು ಮತ್ತೆ ಮದ್ದು ತುಂಬುವಷ್ಟು ಜಾಗ ಆದ ಕೂಡಲೇ ಹಗ್ಗ ಬಿಗಿಯಾಗಬೇಕು. ಅಂದ್ರೆ ಮೂರು ಟನ್ ಭಾರವನ್ನು ಒಳಗೆಳೆಯುವ ಕೆಲಸ ಮದ್ದೇ ಮಾಡಿಕೊಡುತ್ತಿತ್ತು! ಜನ ಮಾಡಬೇಕಾದದ್ದು ಮತ್ತೆ ಹೊರಗೆ ತಳ್ಳುವ ಕೆಲಸ ಮಾತ್ರ. ಪಳಗಿದ ತಂಡ ಒಂದೂವರೆ ನಿಮಿಷಕ್ಕೊಂದು ಗುಂಡು ಹೊಡೆಯೋಕೆ ಸಾಧ್ಯ ಆಗಿದ್ದು ಇದರಿಂದಲೇ. ಹಗ್ಗ ಹರಿದರೆ ಮಾತ್ರ ಮುಗೀತು. ಆಫೀಸಿನಲ್ಲಿ ಯಾರನ್ನೋ "ಲೂಸ್ ಕ್ಯಾನನ್" ಅಂತ ಬೈತಾರಲ್ಲ, ಅದರ ಹಿಂದಿನ ಚಿತ್ರ ಇದೇ. ಓಲಾಡುವ ಹಡಗಿನಲ್ಲಿ ಕಟ್ಟು ಬಿಚ್ಚಿಕೊಂಡ ತೋಪು ಶತ್ರುಗಿಂತ ದೊಡ್ಡ ಶತ್ರು.

ಸಿನಿಮಾದಲ್ಲಿ ಒಂದು ಕಡೆಯ ತೋಪೆಲ್ಲ ಹಾರಿದ ಕೂಡಲೇ ಹಡಗು ಪಕ್ಕಕ್ಕೆ ಜಾರಿಹೋಗುತ್ತೆ. ವಿಕ್ಟರಿಯ ತೂಕ ಸುಮಾರು 3,500 ಟನ್. ಒಂದು ಪಕ್ಕದ 50 ತೋಪೂ 32 ಪೌಂಡಿನವೇ, ಎಲ್ಲವೂ ಒಟ್ಟಿಗೇ ಹಾರಿದವು ಅಂತಿಟ್ಟುಕೊಂಡರೂ ಹಡಗಿಗೆ ಸಿಗೋದು ಸೆಕೆಂಡಿಗೆ 15 ಸೆಂಟಿಮೀಟರಿನಷ್ಟು ವೇಗ. ಮರದ ತೊಲೆಗಳು ಗಡಗಡ ನಡುಗುತ್ತಿದ್ದವು ನಿಜ, ಆದರೆ ಹಡಗು ಜಾರಲ್ಲ.

ಸರಿ, ಗುಂಡು ಹೊರಟಿತು. ಅದರ ಶಕ್ತಿ ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ಓಡೋ ಒಂದು ಟನ್ನಿನ ಕಾರಿನಷ್ಟು. ಎದುರಿಗೆ ಎರಡಡಿ ದಪ್ಪದ ಓಕ್ ಮರದ ಗೋಡೆ. ಹತ್ತಿರದಿಂದ ಹೊಡೆದರೆ ಗುಂಡು ಅದನ್ನೂ ತೂರಿ ಹೋಗುತ್ತೆ. ಹೊರಗಡೆಯಿಂದ ನೋಡಿದರೆ ತೂತು ಅಷ್ಟೇನೂ ಭಯಂಕರ ಅನಿಸಲ್ಲ, ಮರದ ನಾರು ಹಿಗ್ಗಿ ತೂತು ಅರ್ಧ ಮುಚ್ಚಿಕೊಂಡೂಬಿಡುತ್ತೆ. ಹಡಗಿನ ಬಡಗಿಗಳು ಮರದ ಬಿರಡೆ, ಸೀಸದ ತಗಡು, ಹಳೇ ಹಗ್ಗದ ನಾರು ಹಿಡ್ಕೊಂಡು ನೀರಿನ ಮಟ್ಟದಲ್ಲೇ ಓಡಾಡುತ್ತಾ ಬಡಿದು ಮುಚ್ಚುತ್ತಿದ್ದರು. ರಾಯಚೂರಿನ ಹುಡುಗ ಹೇಳಿದ ಗೋಣಿ ಇದೇ.

ಅನಾಹುತ ಆಗುತ್ತಿದ್ದದ್ದು ಗೋಡೆಯ ಒಳಮೈಯಲ್ಲಿ. ಹೊರಗಿನ ಮರಕ್ಕೆ ಹಿಂದಿನ ಮರದ ಆಸರೆ ಇದೆ. ಒಳಗಿನ ಕಡೇ ಹಲಗೆಗೆ ಹಿಂದೆ ಏನೂ ಇಲ್ಲ, ಬರೀ ಗಾಳಿ, ಮತ್ತೆ ಮನುಷ್ಯರು. ಗುಂಡು ತಳ್ಳಿದ ಒತ್ತಡಕ್ಕೆ ಆ ಹಲಗೆ ನಾರುನಾರಾಗಿ ಸೀಳಿ, ಗುಂಡಿಗಿಂತ ಎಷ್ಟೋ ಅಗಲಕ್ಕೆ ಎರಚುತ್ತೆ. ಬಿದಿರು ಮೊರ ಹಿಡಿದಾಗ ಕೈಗೆ ಸಿಬಿರು ಚುಚ್ಚಿದ ನೋವು ನಮಗೆಲ್ಲ ಗೊತ್ತು. ಅದೇ ಸಿಬಿರು ಮೊಳದುದ್ದ ಇದ್ದು, ಬಾಣದ ಹಾಗೆ ಹಾರಿಬಂದರೆ? ಗುಂಡು ಎದುರಿಗೆ ಸಿಕ್ಕ ಒಬ್ಬಿಬ್ಬರನ್ನು ಕೊಲ್ಲುತ್ತಿತ್ತು. ಸಿಬಿರು ಸುತ್ತ ಇದ್ದ ಎಲ್ಲರನ್ನೂ ಹುಡುಕುತ್ತಿತ್ತು. ಗಾಯದಲ್ಲಿ ಮರದ ಚೂರು, ಕೊಳಕು ಬಟ್ಟೆ ಉಳಿದು ಕೀವಾಗಿ ಆಮೇಲೆ ಸತ್ತವರೂ ಬಹಳ.

ಇದು ಕಟ್ಟುಕಥೆ ಅನ್ನೋರೂ ಇದ್ದಾರೆ. ಟಿವಿಯ ಒಂದು ಪ್ರಯೋಗದಲ್ಲಿ ಸಿಬಿರು ಅಷ್ಟು ಅಪಾಯಕಾರಿ ಅನಿಸಲಿಲ್ಲ. ಆದರೆ 1628ರಲ್ಲಿ ಮುಳುಗಿದ ವಾಸಾ ಹಡಗನ್ನು ಕಾಪಾಡುತ್ತಿರುವ ಸ್ವೀಡನ್ನಿನವರು ಆ ಹಡಗಿನ 24 ಪೌಂಡ್ ತೋಪಿನದೇ ನಕಲು ಎರಕ ಹೊಯ್ಯಿಸಿ, ಓಕ್ ಮರದಲ್ಲಿ ಹಡಗಿನ ಗೋಡೆಯನ್ನೇ ಕಟ್ಟಿ, 2014ರಲ್ಲಿ ಹೊಡೆದು ನೋಡಿದರು. ಸಿಬಿರು ಒಳಗಡೆ ಚೆನ್ನಾಗಿಯೇ ಹಾರಿತು. ನನಗೆ ಅದಕ್ಕಿಂತ ದೊಡ್ಡ ಸಾಕ್ಷಿ ಅನಿಸೋದು ನಾವಿಕರ ನಡವಳಿಕೆ. ಯುದ್ಧದ ತಮಟೆ ಬಾರಿಸಿದ ಕೂಡಲೇ ಅಧಿಕಾರಿಗಳ ಕೋಣೆಯ ಮರದ ಗೋಡೆ ಕಳಚುತ್ತಿದ್ದರು, ಮೇಜು ಕುರ್ಚಿ ಕೆಳಗೆ ಸಾಗಿಸುತ್ತಿದ್ದರು. ಸಿಬಿರಾಗಿ ಹಾರಬಲ್ಲ ಒಂದೊಂದು ಹಲಗೆಗೂ ಅವರು ಹೆದರುತ್ತಿದ್ದರು. ಹೆದರದೇ ಇರ್ತಾರಾ? ಟ್ರಫಾಲ್ಗರಿನಲ್ಲಿ ಒಂದು ಗುಂಡು ನೆಲ್ಸನ್ ಮತ್ತು ಕ್ಯಾಪ್ಟನ್ ಹಾರ್ಡಿ ಮಧ್ಯೆಯೇ ಹಾದುಹೋಯ್ತು. ಅದು ಸೀಳಿದ ಮರದ ಚೂರು ಹಾರ್ಡಿಯ ಬೂಟಿನ ಬಕಲ್ಲನ್ನೇ ಕಿತ್ತಿತು.

ಅವತ್ತು ವಿಕ್ಟರಿ ಸುಮಾರು 40 ನಿಮಿಷ ಮೂತಿ ಮುಂದೆ ಮಾಡಿಕೊಂಡು, ತಿರುಗಿ ಹೊಡೆಯಲಾರದೆ, ಗುಂಡಿನ ಮಳೆಯಲ್ಲೇ ಸಾಗಿತು. ಚುಕ್ಕಾಣಿಯ ಚಕ್ರ ಚೂರಾಯ್ತು. ಕೆಳಗೆ ಹೋಗಿ ನಲವತ್ತು ಜನ ಕೈಯಿಂದಲೇ ಚುಕ್ಕಾಣಿ ತಿರುಗಿಸಿದರು. ಆಮೇಲೆ ಬ್ಯೂಸೆಂಟೋರ್ ಅನ್ನೋ ಫ್ರೆಂಚ್ ಹಡಗಿನ ಬೆನ್ನ ಹಿಂದೆ ನುಸುಳಿತು. ಹಡಗಿನ ಪಕ್ಕೆ ಎರಡಡಿ ದಪ್ಪ, ಬೆನ್ನಿನಲ್ಲಿ ಬರೀ ಗಾಜಿನ ಕಿಟಕಿ. ಮೊದಲು 68 ಪೌಂಡಿನ ಗಿಡ್ಡ ತೋಪಿನಿಂದ ಒಂದು ಗುಂಡು, ಅದರ ಜೊತೆ 500 ಬಂದೂಕಿನ ಗೋಲಿ ತುಂಬಿದ ಪೀಪಾಯಿ. ಹಿಂದೆಯೇ ಪಕ್ಕೆಯ ತೋಪುಗಳು ಒಂದಾದ ಮೇಲೊಂದು, ಎರಡೆರಡು ಮೂರುಮೂರು ಗುಂಡು ತುಂಬಿಕೊಂಡು. ಕಿಟಕಿಯಿಂದ ಹೊಕ್ಕ ಗುಂಡಿಗೆ ಹಡಗಿನ ಉದ್ದಕ್ಕೂ ತಡೆಯೇ ಇಲ್ಲ. ಹಿಂದಿನಿಂದ ಮೂತಿವರೆಗೆ ಅದು ಸಾಲಾಗಿ ನಿಂತ ತೋಪಿನ ತಂಡಗಳ ಮಧ್ಯೆಯೇ ಹೋಯ್ತು. ಗೆದ್ದ ವಿಕ್ಟರಿಯಲ್ಲೂ 57 ಜನ ಸತ್ತರು, ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ಕೆಳಗಿನಿಂದ ಮದ್ದಿನ ಚೀಲ ಹೊತ್ತು ಮೇಲೆ ಓಡುತ್ತಿದ್ದವರಲ್ಲಿ ಹನ್ನೆರಡು ಹದಿಮೂರು ವಯಸ್ಸಿನ ಹುಡುಗರೂ ಇದ್ದರು. ದೊಡ್ಡವರಲ್ಲಿ ಎಷ್ಟೋ ಜನ ಬಂದರಿನಲ್ಲಿ ಬಲವಂತವಾಗಿ ಹಿಡಿದು ತಂದವರು. ನೆಲ್ಸನ್ ಪ್ರತಿಮೆ ನೋಡುವಾಗ ನನಗೆ ಇವರೇ ಕಣ್ಣಿಗೆ ಬರ್ತಾರೆ.

ಮುಂಬೈನವರಿಗೆ ಒಂದು ಮಾತು. ಆ ಕಾಲದಲ್ಲಿ ಬ್ರಿಟಿಷರಿಗೆ ಯುದ್ಧನೌಕೆ ಕಟ್ಟಿಕೊಟ್ಟವರಲ್ಲಿ ನಿಮ್ಮೂರಿನ ವಾಡಿಯಾ ಮನೆತನದವರೂ ಇದ್ದರು, ಮಲಬಾರಿನ ಸಾಗುವಾನಿಯಲ್ಲಿ. ಓಕ್ ಮರದ ಒಗರು ಕಬ್ಬಿಣದ ಮೊಳೆಯನ್ನು ತಿನ್ನುತ್ತೆ, ಸಾಗುವಾನಿಯ ಎಣ್ಣೆ ಅದನ್ನು ಕಾಪಾಡುತ್ತೆ. ಸಾಗುವಾನಿಯ ಸಿಬಿರು ಓಕ್‌ನಷ್ಟು ಕೆಟ್ಟದ್ದಲ್ಲ ಅನ್ನೋ ನಂಬಿಕೆಯೂ ನಾವಿಕರಲ್ಲಿತ್ತು. 1824ರಲ್ಲಿ ಬಾಂಬೆಯಲ್ಲಿ ನೀರಿಗಿಳಿದ ಏಷ್ಯಾ ಹಡಗು 1827ರ ನವಾರಿನೋ ಯುದ್ಧದಲ್ಲಿ ಅಡ್ಮಿರಲ್ ಕಾಡ್ರಿಂಗ್ಟನ್‌ನ ಹಡಗಾಗಿತ್ತು. ಬರೀ ಹಾಯಿ ಹಡಗುಗಳೇ ಹೋರಾಡಿದ ಕೊನೆಯ ದೊಡ್ಡ ಯುದ್ಧ ಅದು. 1817ರಲ್ಲಿ ಅಲ್ಲೇ ಕಟ್ಟಿದ ಟ್ರಿಂಕೋಮಲಿ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಇವತ್ತಿಗೂ ತೇಲುತ್ತಿದೆ. ಆಮೇಲೆ 1853ರಲ್ಲಿ ಸಿನೋಪ್‌ನಲ್ಲಿ ರಷ್ಯನ್ನರ ಸಿಡಿಗುಂಡುಗಳು ತುರ್ಕಿಯರ ಮರದ ಹಡಗುಗಳನ್ನು ಸುಟ್ಟವು, ಹತ್ತು ವರ್ಷದೊಳಗೆ ಕಬ್ಬಿಣದ ಕವಚದ ಹಡಗು ಬಂತು. ಅದು ಬೇರೆ ಕಥೆ.

ಚೆನ್ನೈನವರು ಮುನಿಸಿಕೊಳ್ಳಬೇಡಿ, ನಿಮಗೂ ಒಂದಿದೆ. ಗುಂಡಿನ ವೇಗ ಇಷ್ಟು ಅಂತ ಮೊದಲು ಸರಿಯಾಗಿ ಅಳೆದು ತೋರಿಸಿದವನು ಬೆಂಜಮಿನ್ ರಾಬಿನ್ಸ್. ತೂಗಾಡುವ ಮರದ ದಿಮ್ಮಿಗೆ ಗುಂಡು ಹೊಡೆದು, ಅದು ಎಷ್ಟು ಹಿಂದಕ್ಕೆ ಹೋಯ್ತು ಅನ್ನೋದರಿಂದ ವೇಗ ಲೆಕ್ಕ ಹಾಕಿ, 1742ರಲ್ಲಿ ಪುಸ್ತಕ ಬರೆದ. ಅದನ್ನು ಜರ್ಮನ್ ಭಾಷೆಗೆ ತಂದವನು ಗಣಿತಜ್ಞ ಆಯ್ಲರ್! ಹಡಗಿಗೆ ದೊಡ್ಡ ಗುಂಡಿನ, ಕಡಿಮೆ ಮದ್ದಿನ ಹಗುರ ತೋಪು ಬೇಕು ಅಂತ ವಾದಿಸಿದವನೂ ಅವನೇ. ಬ್ಯೂಸೆಂಟೋರಿನ ಕಿಟಕಿಗೆ ಹೊಡೆದ ಗಿಡ್ಡ ತೋಪಿನ ಹಿಂದೆ ಇದ್ದದ್ದು ಅದೇ ಯೋಚನೆ. ಆದರೆ ಆ ತೋಪನ್ನು ನೋಡಲಿಕ್ಕೆ ಅವನು ಬದುಕಿರಲಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳನ್ನು ಸರಿಮಾಡೋಕೆ ಅಂತ ನಮ್ಮ ದೇಶಕ್ಕೆ ಬಂದು, 1751ರಲ್ಲಿ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ. ಪಾಂಡಿಚೇರಿಗೆ ಹೋಗೋ ವೀಕೆಂಡಿನಲ್ಲಿ ಇನ್ನೊಂದು ಗಂಟೆ ಕಾರು ಓಡಿಸಿದರೆ ಸಿಗುವ ಜಾಗ ಅದು. ಹೋಗಿಬಂದವರು ಹೇಳಿ.