ಮೈಕೇಲ್ ರಟ್ಟರ್ ಮತ್ತು ಸ್ವಲೀನತೆಯ ಕಾರಣಮೀಮಾಂಸೆ

ಮಗುವಿನ ಮನಸ್ಸು ಲೋಕಕ್ಕೆ ವಿಮುಖವಾದರೆ ಅದಕ್ಕೆ ಹೊಣೆ ಯಾರೆಂಬ ಪ್ರಶ್ನೆ ಬಂದಾಗ, ಕಳೆದ ಶತಮಾನದ ಮಧ್ಯಭಾಗದ ಪಾಶ್ಚಾತ್ಯ ಮನೋವೈದ್ಯರಲ್ಲಿ ಅನೇಕರು ತಾಯಿಯತ್ತಲೇ ಬೆರಳು ತೋರುತ್ತಿದ್ದರು. 1943ರಲ್ಲಿ ಬಾಲ್ಟಿಮೋರ್ ನಗರದ ಲಿಯೋ ಕ್ಯಾನರರು 11 ಮಕ್ಕಳ ವೃತ್ತಾಂತವನ್ನು ಪ್ರಕಟಿಸಿ, ಇಂದು ಆಟಿಸಂ ಅಥವಾ ಸ್ವಲೀನತೆ ಎಂದು ಕರೆಯುವ ಸ್ಥಿತಿಯನ್ನು ವಿಶದವಾಗಿ ವರ್ಣಿಸಿದರು. ಅದು ಹುಟ್ಟಿನಿಂದಲೇ ಬಂದುದೆಂದು ಅವರು ಭಾವಿಸಿದರಾದರೂ, ಆ ತಂದೆತಾಯಿಗಳಲ್ಲಿ ವಾತ್ಸಲ್ಯದ ಬಿಸುಪು ಕಡಮೆಯೆಂದು ಸೇರಿಸಿದ ಮಾತೇ ಮುಂದೆ ಬೆಳೆದು, 1967ರಲ್ಲಿ ಪ್ರಕಟವಾದ ಬ್ರೂನೋ ಬೆಟಲ್‌ಹೈಮರ ಗ್ರಂಥದಲ್ಲಿ ಸಿದ್ಧಾಂತದ ಆಕಾರವನ್ನು ತಾಳಿತು. ಈ ಆರೋಪವನ್ನು ಪ್ರಮಾಣಗಳ ಒರೆಗೆ ಹಚ್ಚಿದವರಲ್ಲಿ ಅಗ್ರಗಣ್ಯರು ಇಂಗ್ಲೆಂಡಿನ ಸರ್ ಮೈಕೇಲ್ ರಟ್ಟರ್.

1933ರಲ್ಲಿ ಲೆಬನಾನಿನಲ್ಲಿ ಜನಿಸಿ, ಬರ್ಮಿಂಗ್‌ಹ್ಯಾಮಿನಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಸಿಸಿದ ರಟ್ಟರರಿಗೆ ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆ ಕರ್ಮಭೂಮಿಯಾಯಿತು. ಅಲ್ಲಿ ಚಿಕಿತ್ಸೆಗೆ ಬಂದಿದ್ದ 63 ಮಕ್ಕಳನ್ನು ಅವರೂ ಅವರ ಸಹೋದ್ಯೋಗಿಗಳೂ ಹಲವು ವರ್ಷಗಳ ತರುವಾಯ ಪುನಃ ಪರೀಕ್ಷಿಸಿದರು. ಸ್ವಲೀನತೆಯು ಸ್ಕಿಜೋಫ್ರೇನಿಯಾದ ಬಾಲ್ಯರೂಪವೆಂಬ ಅಂದಿನ ನಂಬಿಕೆ ನಿಜವಾಗಿದ್ದಲ್ಲಿ, ಬೆಳೆದ ಮಕ್ಕಳಲ್ಲಿ ಭ್ರಮೆಗಳೂ ಅಶರೀರವಾಣಿಗಳೂ ತಲೆದೋರಬೇಕಾಗಿತ್ತು. ಹಾಗೆ ಆಗಲಿಲ್ಲ, ಬದಲಾಗಿ, ಕೆಲವರಲ್ಲಿ ಹದಿಹರೆಯದ ಹೊತ್ತಿಗೆ ಅಪಸ್ಮಾರ ಕಾಣಿಸಿಕೊಂಡಿತು. ತಾಯಿಯ ಅಕ್ಕರೆ ಸಾಲದೆ ಮಗನಿಗೆ ಅಪಸ್ಮಾರ ಬಂದಿತೆಂದು ಯಾರೂ ವಾದಿಸಲಾರರಾದುದರಿಂದ, ಸಮಸ್ಯೆಯ ಮೂಲವನ್ನು ಮಿದುಳಿನ ಬೆಳವಣಿಗೆಯಲ್ಲಿಯೇ ಅರಸಬೇಕೆಂಬುದು ಸ್ಪಷ್ಟವಾಯಿತು.

1977ರಲ್ಲಿ ಸೂಸನ್ ಫೋಲ್‌ಸ್ಟೈನರೊಡನೆ ಅವರು ಪ್ರಕಟಿಸಿದ ಅವಳಿಗಳ ಅಧ್ಯಯನ ಇನ್ನೂ ನಿರ್ಣಾಯಕವಾದುದು. ಪ್ರತಿಯೊಂದರಲ್ಲಿಯೂ ಒಬ್ಬರಿಗಾದರೂ ಸ್ವಲೀನತೆಯಿದ್ದ 21 ಜೋಡಿಗಳಲ್ಲಿ 11 ತದ್ರೂಪಿ ಅವಳಿಗಳು, 10 ಭಿನ್ನರೂಪಿ ಅವಳಿಗಳು. ತದ್ರೂಪಿಗಳ 4 ಜೋಡಿಗಳಲ್ಲಿ ಇಬ್ಬರಿಗೂ ಸ್ವಲೀನತೆ ಇದ್ದಿತು. ಭಿನ್ನರೂಪಿಗಳಲ್ಲಿ ಅಂತಹ ಜೋಡಿ ಒಂದೂ ಇರಲಿಲ್ಲ. ಭಾಷೆ ಮತ್ತು ಗ್ರಹಣಶಕ್ತಿಯ ದೋಷಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ, ತದ್ರೂಪಿಗಳ 9 ಜೋಡಿಗಳಲ್ಲಿಯೂ ಭಿನ್ನರೂಪಿಗಳ ಒಂದೇ ಜೋಡಿಯಲ್ಲಿಯೂ ಸಾಮ್ಯ ಕಂಡುಬಂದಿತು. ಎರಡು ಬಗೆಯ ಅವಳಿಗಳೂ ಒಂದೇ ಮನೆಯಲ್ಲಿ, ಅದೇ ತಾಯಿಯ ಮಡಿಲಲ್ಲಿ ಬೆಳೆದವರೇ ಆಗಿರುವಾಗ ಈ ಅಂತರಕ್ಕೆ ಆನುವಂಶಿಕತೆಯನ್ನು ಬಿಟ್ಟು ಬೇರೆ ಸಮರ್ಥ ಕಾರಣವನ್ನು ಕಾಣುವುದು ಕಷ್ಟ. ಆನುವಂಶಿಕವಾಗಿ ಬರುವುದು ಸ್ವಲೀನತೆಯೊಂದೇ ಅಲ್ಲ, ಅದನ್ನೊಳಗೊಂಡ ವಿಶಾಲತರವಾದ ಒಂದು ದೌರ್ಬಲ್ಯವೆಂಬ ಸೂಕ್ಷ್ಮವೂ ಇದರಿಂದ ವ್ಯಕ್ತವಾಯಿತು.

ಇಷ್ಟರಿಂದ ರಟ್ಟರರು ಪರಿಸರವನ್ನು ಅಲಕ್ಷಿಸಿದರೆಂದು ತಿಳಿಯಲಾಗದು. 1964-65ರಲ್ಲಿ ಐಲ್ ಆಫ್ ವೈಟ್ ದ್ವೀಪದ 10 ಮತ್ತು 11 ವರ್ಷದ ಮಕ್ಕಳ ಸಮೀಕ್ಷೆಯನ್ನು ಜ್ಯಾಕ್ ಟಿಜರ್ಡ್ ಮೊದಲಾದವರೊಡನೆ ನಡೆಸಿದಾಗ, ತಂದೆತಾಯಿಗಳ ಮತ್ತು ಉಪಾಧ್ಯಾಯರ ಹೇಳಿಕೆಗಳೊಂದಿಗೆ ಮಕ್ಕಳ ಮಾತನ್ನೂ ಅವರು ಸಾಕ್ಷ್ಯವಾಗಿ ಸ್ವೀಕರಿಸಿದರು. ಮುಂದೆ ಲಂಡನ್ನಿನ ಒಳನಗರದ ಮಕ್ಕಳನ್ನು ಇದೇ ಕ್ರಮದಿಂದ ಪರೀಕ್ಷಿಸಲು, ಮನೋವ್ಯಥೆಯ ಪ್ರಮಾಣ ಅಲ್ಲಿ ದ್ವೀಪದಲ್ಲಿದ್ದುದಕ್ಕಿಂತ ಸುಮಾರು ಇಮ್ಮಡಿಯೆಂದು ತಿಳಿಯಿತು. ಲಂಡನ್ನಿನ 12 ಪ್ರೌಢಶಾಲೆಗಳನ್ನು ಕುರಿತ 1979ರ ಗ್ರಂಥವು, ಶಾಲೆಯ ನಡೆವಳಿಕೆ ಮಕ್ಕಳ ಭವಿಷ್ಯವನ್ನು ತಿದ್ದಬಲ್ಲುದೆಂಬುದನ್ನು ತೋರಿಸಿತು.

1989ರಲ್ಲಿ ರುಮೇನಿಯದ ಚೌಷೆಸ್ಕು ಆಡಳಿತ ಪತನವಾದ ಮೇಲೆ, ಬಹುಪಾಲು ಅಲ್ಲಿನ ಅನಾಥಾಲಯಗಳ ದುರವಸ್ಥೆಯಿಂದ ಪಾರಾಗಿ ಇಂಗ್ಲೆಂಡಿನ ಮನೆಗಳಿಗೆ ದತ್ತುಬಂದ ಮಕ್ಕಳಲ್ಲಿ 165 ಮಂದಿಯನ್ನು ರಟ್ಟರರ ತಂಡ ವರ್ಷಾನುಗಟ್ಟಲೆ ಅವಲೋಕಿಸಿತು. ಆರು ತಿಂಗಳೊಳಗೆ ಹೊರಬಂದವರು ಬಹುಮಟ್ಟಿಗೆ ಚೇತರಿಸಿಕೊಂಡರು. ಅದಕ್ಕಿಂತ ದೀರ್ಘಕಾಲ ಅಲ್ಲಿದ್ದವರಲ್ಲಿ ಅನೇಕರ ತೊಂದರೆಗಳು ಉಳಿದುವು. ಕೆಲವರಲ್ಲಿ ಸ್ವಲೀನತೆಯನ್ನು ಹೋಲುವ ಲಕ್ಷಣಗಳೂ ಕಂಡವು. ಆದರೆ ವಯಸ್ಸಾದಂತೆ ಹಲವರಲ್ಲಿ ಅವು ಇಳಿಮುಖವಾದುವೆಂಬ ಕಾರಣದಿಂದ, ಅವನ್ನು ಸಾಮಾನ್ಯ ಸ್ವಲೀನತೆಯಿಂದ ಬೇರ್ಪಡಿಸಿ ನೋಡುವುದು ಉಚಿತವೆಂದು ಅವರು ಪ್ರತಿಪಾದಿಸಿದರು.

2021ರಲ್ಲಿ ರಟ್ಟರರು ದಿವಂಗತರಾದರು. ತಾಯಿಯ ಮೇಲಿನ ಅಪವಾದವನ್ನು ಅವರ ಸಂಶೋಧನೆ ತೊಡೆದುಹಾಕಿತು. ಆದರೆ ಶಾಲೆಗೂ ಊರಿಗೂ ಸರಕಾರಕ್ಕೂ ಇರುವ ಹೊಣೆಯನ್ನು ಅದು ಎಲ್ಲಿಯೂ ಮನ್ನಿಸಲಿಲ್ಲ. ಮಾತು ತಡವಾದ ಮಗುವನ್ನು ಎತ್ತಿಕೊಂಡು ಬಂದ ತಾಯಿಗೆ ನಾವು ಮೊದಲು ಕೇಳಬೇಕಾದುದು ಅವಳ ತಪ್ಪೇನೆಂಬುದನ್ನಲ್ಲ, ನಮ್ಮಿಂದ ಆಗಬೇಕಾದ ಸಹಾಯವೇನೆಂಬುದನ್ನು.