ಧಾರವಾಡದಲ್ಲಿ ವಿದ್ಯಾರ್ಥಿಗಳ ಮಾಸಿಕ ಜೀವನ ವೆಚ್ಚ

ಧಾರವಾಡದಲ್ಲಿ ವಿದ್ಯಾರ್ಥಿಗಳ ಮಾಸಿಕ ಜೀವನ ವೆಚ್ಚ ಎಂದರೆ ಕರ್ನಾಟಕ ರಾಜ್ಯದ ಧಾರವಾಡ ನಗರದಲ್ಲಿ ನೆಲೆಸಿ ವ್ಯಾಸಂಗ ಮಾಡುವ ಅಥವಾ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಸಿದ್ಧತೆ ನಡೆಸುವ ವ್ಯಕ್ತಿಯೊಬ್ಬರಿಗೆ ವಸತಿ, ಆಹಾರ, ಸಂಚಾರ, ಓದು ಮತ್ತು ದಿನನಿತ್ಯದ ಅಗತ್ಯಗಳಿಗಾಗಿ ತಿಂಗಳೊಂದರಲ್ಲಿ ತಗಲುವ ಒಟ್ಟು ಖರ್ಚು. ಕಾಲೇಜು ಶುಲ್ಕ ಹಾಗೂ ತರಬೇತಿ ಕೇಂದ್ರಗಳ ಶುಲ್ಕಗಳನ್ನು ಸಾಮಾನ್ಯವಾಗಿ ಇದರಲ್ಲಿ ಸೇರಿಸುವುದಿಲ್ಲ. ಬೆಂಗಳೂರಿಗೆ ಹೋಲಿಸಿದರೆ ಇಲ್ಲಿ ಬಾಡಿಗೆ ಮತ್ತು ಊಟದ ವೆಚ್ಚ ಕಡಿಮೆ. ಆದ್ದರಿಂದ ಉತ್ತರ ಕರ್ನಾಟಕದ ಗ್ರಾಮೀಣ ಕುಟುಂಬಗಳ ವಿದ್ಯಾರ್ಥಿಗಳು ಹೆಚ್ಚಿನ ಸಂಖ್ಯೆಯಲ್ಲಿ ಈ ನಗರವನ್ನು ಆಯ್ದುಕೊಳ್ಳುತ್ತಾರೆ.

ಹಿನ್ನೆಲೆ

ಧಾರವಾಡವು ಸುಮಾರು 20 ಕಿ.ಮೀ. ದೂರದ ಹುಬ್ಬಳ್ಳಿಯೊಂದಿಗೆ ಸೇರಿ ಅವಳಿನಗರವಾಗಿದೆ. 1962ರಲ್ಲಿ ಎರಡೂ ಊರುಗಳಿಗೆ ಒಂದೇ ಮಹಾನಗರಪಾಲಿಕೆ ರಚನೆಯಾಯಿತು. 2011ರ ಜನಗಣತಿಯ ಪ್ರಕಾರ ಅವಳಿನಗರದ ಜನಸಂಖ್ಯೆ ಸುಮಾರು 9.4 ಲಕ್ಷ. ಹುಬ್ಬಳ್ಳಿ ವ್ಯಾಪಾರ ಕೇಂದ್ರವಾಗಿ ಬೆಳೆದರೆ ಧಾರವಾಡ ವಿದ್ಯಾಕೇಂದ್ರವಾಗಿ ಹೆಸರು ಪಡೆಯಿತು. 1917ರಲ್ಲಿ ಆರಂಭವಾದ ಕರ್ನಾಟಕ ಕಾಲೇಜು, 1949ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾಗಿ ಮರುವರ್ಷ ಧಾರವಾಡಕ್ಕೆ ಬಂದ ಕರ್ನಾಟಕ ವಿಶ್ವವಿದ್ಯಾಲಯ, 1986ರಲ್ಲಿ ಸ್ಥಾಪಿತವಾದ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ ಮತ್ತು 2016ರಲ್ಲಿ ಆರಂಭವಾದ ಭಾರತೀಯ ತಂತ್ರಜ್ಞಾನ ಸಂಸ್ಥೆ ಇಲ್ಲಿನ ಪ್ರಮುಖ ಶಿಕ್ಷಣ ಸಂಸ್ಥೆಗಳು.

ಇತ್ತೀಚಿನ ದಶಕಗಳಲ್ಲಿ ಧಾರವಾಡವು ಸರ್ಕಾರಿ ನೇಮಕಾತಿ ಪರೀಕ್ಷೆಗಳ ತರಬೇತಿಗೂ ಪ್ರಸಿದ್ಧವಾಗಿದೆ. ಸಪ್ತಾಪುರ ಮತ್ತು ಅದರ ಸುತ್ತಲಿನ ಬಡಾವಣೆಗಳಲ್ಲಿ ತರಬೇತಿ ಕೇಂದ್ರಗಳು, ಖಾಸಗಿ ವಾಚನಾಲಯಗಳು, ಪಿ.ಜಿ.ಗಳು ಮತ್ತು ಖಾನಾವಳಿಗಳು ಒತ್ತೊತ್ತಾಗಿ ಇವೆ.

ವಸತಿ

ವಿದ್ಯಾರ್ಥಿಗಳ ವಸತಿಯನ್ನು ಮುಖ್ಯವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು.

ಸರ್ಕಾರಿ ಮತ್ತು ಧಾರ್ಮಿಕ ಸಂಸ್ಥೆಗಳ ವಸತಿ ನಿಲಯಗಳು: ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ ಮತ್ತು ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗಳ ಮೆಟ್ರಿಕ್ ನಂತರದ ವಿದ್ಯಾರ್ಥಿ ನಿಲಯಗಳಲ್ಲಿ ಊಟ ಮತ್ತು ವಸತಿ ಉಚಿತ. ಮಠಗಳು ನಡೆಸುವ ಪ್ರಸಾದ ನಿಲಯಗಳ ಪರಂಪರೆಯೂ ಇಲ್ಲಿದೆ. ಸ್ಥಾನಗಳು ಸೀಮಿತವಾಗಿರುವುದರಿಂದ ಅರ್ಜಿ ಹಾಕಿದ ಎಲ್ಲರಿಗೂ ಪ್ರವೇಶ ದೊರೆಯುವುದಿಲ್ಲ. ನಿಲಯ ದೊರೆಯದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗಾಗಿ ರೂಪಿಸಲಾದ ವಿದ್ಯಾಸಿರಿ ಯೋಜನೆಯಡಿ, ಆರಂಭದಲ್ಲಿ ತಿಂಗಳಿಗೆ 1,500 ರೂ.ಗಳಂತೆ ವರ್ಷಕ್ಕೆ ಹತ್ತು ತಿಂಗಳ ನೆರವನ್ನು ನಿಗದಿಪಡಿಸಲಾಗಿತ್ತು.

ಪಿ.ಜಿ. ವಸತಿ: ಒಂದು ಕೋಣೆಯಲ್ಲಿ ಎರಡರಿಂದ ನಾಲ್ಕು ಜನ ಇರುವುದು ವಾಡಿಕೆ. ಊಟ ಸೇರಿದೆಯೇ, ಭಾನುವಾರ ರಾತ್ರಿ ಅಡುಗೆ ಇದೆಯೇ, ರಜೆಯಲ್ಲಿ ಊರಿಗೆ ಹೋದ ದಿನಗಳ ಹಣ ಕಡಿತವಾಗುವುದೇ ಎಂಬ ಅಂಶಗಳ ಮೇಲೆ ನಿಜವಾದ ವೆಚ್ಚ ನಿರ್ಧಾರವಾಗುತ್ತದೆ. 2024ರ ಜೂನ್ ತಿಂಗಳ ಸಭೆಯಲ್ಲಿ ಜಿ.ಎಸ್.ಟಿ. ಮಂಡಳಿಯು, ತಿಂಗಳಿಗೆ 20,000 ರೂ. ಮೀರದ ಹಾಗೂ ಕನಿಷ್ಠ 90 ದಿನ ಸತತವಾಗಿ ಪಡೆಯುವ ವಸತಿ ಸೇವೆಗೆ ತೆರಿಗೆ ವಿನಾಯಿತಿಯನ್ನು ಶಿಫಾರಸು ಮಾಡಿತು.

ಬಾಡಿಗೆ ಕೋಣೆ: ಮೂವರು ನಾಲ್ವರು ಸೇರಿ ಒಂದು ಮನೆ ಅಥವಾ ಕೋಣೆ ಹಿಡಿದು ಸ್ವತಃ ಅಡುಗೆ ಮಾಡಿಕೊಳ್ಳುವುದು ಉಚಿತ ನಿಲಯಗಳ ನಂತರದ ಅತಿ ಮಿತವ್ಯಯದ ಕ್ರಮ. ಇದಕ್ಕೆ ಮುಂಗಡ ಠೇವಣಿ, ಪಾತ್ರೆ ಮತ್ತು ಅಡುಗೆ ಒಲೆಗಾಗಿ ಆರಂಭದಲ್ಲಿ ಒಮ್ಮೆಲೇ ಹಣ ಬೇಕಾಗುತ್ತದೆ.

ನೀರು ಮತ್ತು ವಿದ್ಯುತ್

ಧಾರವಾಡಕ್ಕೆ ಮಲಪ್ರಭಾ ಜಲಾಶಯದಿಂದ ಕುಡಿಯುವ ನೀರು ಬರುತ್ತದೆ. 2008ರಲ್ಲಿ ಅವಳಿನಗರದ ಆಯ್ದ ವಾರ್ಡುಗಳಲ್ಲಿ ನಿರಂತರ ನೀರು ಪೂರೈಕೆ ಪ್ರಾಯೋಗಿಕವಾಗಿ ಆರಂಭವಾಯಿತು. ಉಳಿದ ಕಡೆ ಹಲವು ದಿನಗಳಿಗೊಮ್ಮೆ ನೀರು ಬಿಡುವ ಪದ್ಧತಿ ಮುಂದುವರಿಯಿತು. ಆದಕಾರಣ ಕೋಣೆ ಹಿಡಿಯುವ ಮುನ್ನ ಕೊಳವೆಬಾವಿ ಮತ್ತು ಸಂಗ್ರಹ ತೊಟ್ಟಿಯ ವ್ಯವಸ್ಥೆಯನ್ನು ವಿಚಾರಿಸುವುದು ಅವಶ್ಯ. ಬಾಡಿಗೆ ಕಡಿಮೆಯಿದ್ದರೂ ಬೇಸಿಗೆಯಲ್ಲಿ ಟ್ಯಾಂಕರ್ ನೀರಿನ ಪಾಲು ಕೊಡಬೇಕಾಗಿ ಬಂದರೆ ಉಳಿತಾಯ ಕರಗುತ್ತದೆ.

2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ ಪ್ರಕಾರ ಗೃಹಬಳಕೆಯ ಸಂಪರ್ಕಗಳಿಗೆ, ಹಿಂದಿನ ಸರಾಸರಿ ಬಳಕೆಯನ್ನು ಆಧರಿಸಿ, ತಿಂಗಳಿಗೆ ಗರಿಷ್ಠ 200 ಯೂನಿಟ್‌ವರೆಗೆ ವಿದ್ಯುತ್ ಉಚಿತ. ಬಾಡಿಗೆದಾರರಿಗೂ ಈ ಸೌಲಭ್ಯವಿದೆ. ವಾಣಿಜ್ಯ ಸಂಪರ್ಕ ಹೊಂದಿರುವ ಕಟ್ಟಡಗಳಿಗೆ ಇದು ಅನ್ವಯಿಸುವುದಿಲ್ಲ.

ಆಹಾರ

ಖಾನಾವಳಿಗಳು ನಗರದ ಆಹಾರ ವ್ಯವಸ್ಥೆಯ ಬೆನ್ನೆಲುಬು. ಜೋಳದ ರೊಟ್ಟಿ ಅಥವಾ ಚಪಾತಿ, ಕಾಳಿನ ಪಲ್ಯ, ಸೊಪ್ಪಿನ ಪಲ್ಯ, ಶೇಂಗಾ ಚಟ್ನಿ, ಮೊಸರು, ಅನ್ನ ಮತ್ತು ಸಾರು ಇಲ್ಲಿನ ಸಾಮಾನ್ಯ ಊಟ. ಮಾಂಸಾಹಾರಕ್ಕೆ ಸಾವಜಿ ಖಾನಾವಳಿಗಳು ಹೆಸರಾಗಿವೆ. ಬಿಡಿ ಊಟಕ್ಕಿಂತ ತಿಂಗಳ ಲೆಕ್ಕದಲ್ಲಿ ಊಟ ಗೊತ್ತು ಮಾಡಿಕೊಂಡರೆ ಅಥವಾ ಕೋಣೆಗೆ ಡಬ್ಬಿ ತರಿಸಿಕೊಂಡರೆ ದರ ಕಡಿಮೆಯಾಗುತ್ತದೆ. ಇಂದಿರಾ ಕ್ಯಾಂಟೀನ್‌ಗಳಲ್ಲಿ ಉಪಾಹಾರ 5 ರೂ. ಮತ್ತು ಊಟ 10 ರೂ. ದರದಲ್ಲಿ ದೊರೆಯುತ್ತದೆ.

ಹಳ್ಳಿಗಳಿಂದ ಬಸ್ಸಿನ ಮೂಲಕ ಮಕ್ಕಳಿಗೆ ಬುತ್ತಿ ಕಳುಹಿಸುವುದು ಉತ್ತರ ಕರ್ನಾಟಕದ ಹಳೆಯ ರೂಢಿ. ಒಣಗಿಸಿದ ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿಪುಡಿಗಳು ಹಲವು ದಿನ ಕೆಡದೆ ಉಳಿಯುತ್ತವೆ. ಹಣದ ಲೆಕ್ಕದಲ್ಲಿ ಕಾಣಿಸದಿದ್ದರೂ ಬುತ್ತಿಯು ವಿದ್ಯಾರ್ಥಿಯ ತಿಂಗಳ ವೆಚ್ಚದ ಒಂದು ಭಾಗವನ್ನು ಮನೆಯವರೇ ದವಸ ಮತ್ತು ದುಡಿಮೆಯ ರೂಪದಲ್ಲಿ ಭರಿಸುವ ಕ್ರಮವಾಗಿದೆ.

ಸಂಚಾರ

ನಗರದೊಳಗಿನ ಅಂತರಗಳು ಕಡಿಮೆ. ತರಬೇತಿ ಕೇಂದ್ರ, ವಾಚನಾಲಯ ಮತ್ತು ಕೋಣೆ ಒಂದೇ ಬಡಾವಣೆಯಲ್ಲಿದ್ದರೆ ನಡೆದೇ ಓಡಾಡಬಹುದು. ಹುಬ್ಬಳ್ಳಿ ಮತ್ತು ಧಾರವಾಡಗಳ ನಡುವೆ 2018ರಿಂದ ‘ಚಿಗರಿ’ ಹೆಸರಿನ ತ್ವರಿತ ಬಸ್ಸುಗಳು ಪ್ರತ್ಯೇಕ ಪಥದಲ್ಲಿ ಸಂಚರಿಸುತ್ತವೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಡಿ ಕರ್ನಾಟಕದ ನಿವಾಸಿಗಳಾದ ಮಹಿಳೆಯರಿಗೆ ರಾಜ್ಯದೊಳಗೆ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಇದರಿಂದ ವಿದ್ಯಾರ್ಥಿನಿಯರು ಊರಿಗೆ ಹೋಗಿಬರುವ ಖರ್ಚು ಬಹುಮಟ್ಟಿಗೆ ಇಲ್ಲವಾಗಿದೆ. ವಿದ್ಯಾರ್ಥಿ ಬಸ್ ಪಾಸ್ ಪಡೆಯಲು ಶಾಲಾ ಕಾಲೇಜಿನ ದಾಖಲಾತಿ ಅಗತ್ಯವಾದ್ದರಿಂದ, ಪದವಿ ಮುಗಿಸಿ ಪರೀಕ್ಷಾ ಸಿದ್ಧತೆಯಲ್ಲಿರುವ ಯುವಕರು ಪೂರ್ಣ ದರ ನೀಡಬೇಕಾಗುತ್ತದೆ.

ಮಾದರಿ ಲೆಕ್ಕ

ಮೂವರು ಸೇರಿ ಕೋಣೆ ಹಿಡಿದು ಅಡುಗೆ ಮಾಡಿಕೊಳ್ಳುವಾಗ ಒಬ್ಬರ ಪಾಲಿನ ಲೆಕ್ಕವನ್ನು ಹಾಕುವ ಕ್ರಮ ಹೀಗಿದೆ. ಇಲ್ಲಿನ ಮೊತ್ತಗಳು ಉದಾಹರಣೆಗಾಗಿ ದುಂಡಾಗಿಸಿದವು. ಬಡಾವಣೆ ಮತ್ತು ಜೀವನಕ್ರಮಕ್ಕೆ ತಕ್ಕಂತೆ ಬದಲಾಗುತ್ತವೆ.

• ಬಾಡಿಗೆ (6,000 ರೂ.ಗಳಲ್ಲಿ ಮೂರನೆಯ ಒಂದು ಪಾಲು): 2,000 ರೂ.
• ದಿನಸಿ, ತರಕಾರಿ: 2,200 ರೂ.
• ಹಾಲು (ಮೂವರಿಗೆ ದಿನಕ್ಕೆ ಅರ್ಧ ಲೀಟರ್, ಲೀಟರಿಗೆ 46 ರೂ.): 230 ರೂ.
• ಅಡುಗೆ ಅನಿಲ: 300 ರೂ.
• ವಾಚನಾಲಯ ಶುಲ್ಕ: 600 ರೂ.
• ಮೊಬೈಲ್ ರೀಚಾರ್ಜ್: 300 ರೂ.
• ನಗರ ಸಂಚಾರ: 300 ರೂ.
• ಸಾಬೂನು, ಕ್ಷೌರ, ಝೆರಾಕ್ಸ್, ಅರ್ಜಿ ಇತ್ಯಾದಿ: 600 ರೂ.
• ಒಟ್ಟು: 6,530 ರೂ.

ಅನಾರೋಗ್ಯ ಅಥವಾ ಅನಿರೀಕ್ಷಿತ ಪ್ರಯಾಣಕ್ಕೆಂದು ಶೇ. 10ರಷ್ಟನ್ನು ಕೂಡಿಸಿದರೆ ತಿಂಗಳಿಗೆ ಸುಮಾರು 7,200 ರೂ., ವರ್ಷಕ್ಕೆ 86,400 ರೂ. ಆಗುತ್ತದೆ. ಪಿ.ಜಿ. ಅಥವಾ ಖಾನಾವಳಿಯನ್ನು ಅವಲಂಬಿಸುವವರಿಗೆ ವೆಚ್ಚ ಇದಕ್ಕಿಂತ ಹೆಚ್ಚು; ಸರ್ಕಾರಿ ನಿಲಯದಲ್ಲಿರುವವರಿಗೆ ಮೊದಲ ನಾಲ್ಕು ಬಾಬುಗಳು ಇರುವುದಿಲ್ಲ.

ಲೆಕ್ಕದಲ್ಲಿ ಬಿಟ್ಟುಹೋಗುವ ಬಾಬುಗಳು

ಮೊಬೈಲ್ ಕಂಪನಿಗಳ ‘ತಿಂಗಳ’ ಯೋಜನೆಗಳು ಹೆಚ್ಚಾಗಿ 28 ದಿನಗಳವು. ಆದ್ದರಿಂದ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ರೀಚಾರ್ಜ್ ಬೇಕಾಗುತ್ತವೆ. ವಿದ್ಯಾರ್ಥಿವೇತನ ಮತ್ತು ನೆರವು ಹತ್ತು ತಿಂಗಳಿಗೆ ಸೀಮಿತವಾಗಿದ್ದರೂ ಬಾಡಿಗೆಯನ್ನು ಹನ್ನೆರಡು ತಿಂಗಳೂ ಕಟ್ಟಬೇಕು. ನೆರವಿನ ಹಣ ಖಾತೆಗೆ ತಡವಾಗಿ ಜಮೆಯಾದರೆ ಆ ಅವಧಿಗೆ ಕೈಸಾಲ ಅನಿವಾರ್ಯವಾಗುತ್ತದೆ. ಬೇರೆ ಊರುಗಳಲ್ಲಿ ಪರೀಕ್ಷಾ ಕೇಂದ್ರ ನಿಗದಿಯಾದಾಗ ಪ್ರಯಾಣ ಮತ್ತು ತಂಗುವ ವೆಚ್ಚವೂ ಸೇರುತ್ತದೆ.

ಅವಧಿಯ ಪ್ರಶ್ನೆ

ಪದವಿ ವ್ಯಾಸಂಗಕ್ಕೆ ನಿಗದಿತ ಅವಧಿಯಿದೆ. ಪರೀಕ್ಷಾ ಸಿದ್ಧತೆಗೆ ಇಲ್ಲ. ಅಧಿಸೂಚನೆ, ಪರೀಕ್ಷೆ, ಫಲಿತಾಂಶ ಮತ್ತು ನೇಮಕಾತಿ ಆದೇಶಗಳ ನಡುವೆ ವರ್ಷಗಳೇ ಕಳೆಯುವುದುಂಟು. ಪರಿಶಿಷ್ಟ ಜಾತಿಗಳ ಒಳಮೀಸಲಾತಿ ನಿರ್ಧಾರವಾಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಹೊರಡಿಸದಿರಲು ರಾಜ್ಯ ಸರ್ಕಾರವು 2024ರ ಅಕ್ಟೋಬರ್‌ನಲ್ಲಿ ತೀರ್ಮಾನಿಸಿದ ನಂತರ, ನೇಮಕಾತಿ ವಿಳಂಬವನ್ನು ವಿರೋಧಿಸಿ ಧಾರವಾಡದಲ್ಲಿ ಅಭ್ಯರ್ಥಿಗಳು ಪ್ರತಿಭಟನೆ ನಡೆಸಿದರು.

ಮೇಲಿನ ಮಾದರಿಯಂತೆ ಆರು ತಿಂಗಳ ಹೆಚ್ಚುವರಿ ಕಾಯುವಿಕೆಯ ವೆಚ್ಚ 43,200 ರೂ. 2025–26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತರಿ ಯೋಜನೆಯ ದಿನಗೂಲಿ 370 ರೂ. ಆಗಿತ್ತು. ಅದರ ಪ್ರಕಾರ ಈ ಮೊತ್ತವು ಸುಮಾರು 117 ದಿನಗಳ ಕೂಲಿಗೆ, ಅಂದರೆ ಆ ಯೋಜನೆ ಒಂದು ಕುಟುಂಬಕ್ಕೆ ವರ್ಷವೊಂದರಲ್ಲಿ ಖಾತರಿಪಡಿಸಿದ 100 ದಿನಗಳ ಕೆಲಸಕ್ಕಿಂತ ಹೆಚ್ಚಿನ ದುಡಿಮೆಗೆ ಸಮ. ಹೀಗಾಗಿ ಕಡಿಮೆ ವೆಚ್ಚದ ನಗರದಲ್ಲಿಯೂ ತಿಂಗಳ ಖರ್ಚಿನಷ್ಟೇ ತಿಂಗಳುಗಳ ಸಂಖ್ಯೆಯೂ ಮುಖ್ಯವಾಗುತ್ತದೆ.

ಇವನ್ನೂ ನೋಡಿ

• ಧಾರವಾಡ
• ಕರ್ನಾಟಕ ವಿಶ್ವವಿದ್ಯಾಲಯ
• ಹುಬ್ಬಳ್ಳಿ–ಧಾರವಾಡ ತ್ವರಿತ ಬಸ್ ಸಾರಿಗೆ
• ಶಕ್ತಿ ಯೋಜನೆ
• ಉತ್ತರ ಕರ್ನಾಟಕದ ಅಡುಗೆ