ತಪ್ಪಿದ ಭುಜ, ಸವೆದ ಎಲುಬು

ಕಬಡ್ಡಿ ಅಂಕಣದಲ್ಲಿ ರೈಡರ್‌ನ ಚಾಚಿದ ತೋಳನ್ನು ಹಿಂದಕ್ಕೆ ಜಗ್ಗಿದಾಗ ಭುಜದ ಕೀಲು ಮುಂದಕ್ಕೆ ಜಾರುತ್ತದೆ. ಕರಾವಳಿಗೆ ಇದು ಹೊಸ ಪೆಟ್ಟಲ್ಲ, ವೈದ್ಯಕ್ಕೂ ಅಲ್ಲ. ಕಂಕುಳಿಗೆ ಒನಕೆ ಕೊಟ್ಟೆತ್ತಿ ಕೀಲು ಕೂರಿಸಿ ಪಟ್ಟಿ ಕಟ್ಟುವ ಕ್ರಮ ಸುಶ್ರುತ ಸಂಹಿತೆಯಲ್ಲೇ ಇದೆ.

ಕೂರಿಸಿದ ಕೀಲು ಮತ್ತೆ ಮತ್ತೆ ಜಾರಿದರೆ? ಗ್ರೀಸಿನ ಹಿಪೊಕ್ರಟಿಸ್ ಕಾದ ಕಬ್ಬಿಣದಿಂದ ಕಂಕುಳನ್ನು ಸುಡಲು ಹೇಳಿದ. ಗಾಯ ಮಾಗಿ ಬಿಗಿದರೆ ಕೀಲು ನಿಂತೀತೆಂಬ ಲೆಕ್ಕ. ನಿಜವಾದ ಕಾರಣದತ್ತ ಬೊಟ್ಟು ಮಾಡಿದವನು ಲಂಡನ್ನಿನ ಬ್ಯಾಂಕಾರ್ಟ್, 1923ರಲ್ಲಿ: ಕೀಲಿನ ಬಟ್ಟಲಿನ ಮುಂದಿನ ಅಂಚಿನಿಂದ ಮೃದ್ವಸ್ಥಿ ಕಿತ್ತು ಬಂದಿರುತ್ತದೆ, ಅದನ್ನು ಮರಳಿ ಹೊಲಿಯಬೇಕು. 1940ರಲ್ಲಿ ಅಮೆರಿಕದ ಹಿಲ್ ಮತ್ತು ಸ್ಯಾಕ್ಸ್ ಎಕ್ಸ್‌ರೇಗಳಲ್ಲಿ ಮತ್ತೊಂದನ್ನು ಗುರುತಿಸಿದರು. ಜಾರಿದಾಗ ಅಂಚಿಗೆ ಬಡಿದು ತೋಳೆಲುಬಿನ ತಲೆಯಲ್ಲೂ ಗುಳಿ ಬೀಳುತ್ತದೆ.

ಇತ್ತ ಕರಾವಳಿಯ ಮಂಗಳೂರಿನಲ್ಲಿ ಮುರಿದ ಕೈಕಾಲುಗಳಿಗೆ ಆಸರೆಯಾಗಿದ್ದದ್ದು ಹಂಪನಕಟ್ಟೆಯ ಸರಕಾರಿ ಆಸ್ಪತ್ರೆ. 1848ರಷ್ಟು ಹಳೆಯ ಈ ಸಂಸ್ಥೆಗೆ ಮದ್ರಾಸ್ ಗವರ್ನರ್ ವೆನ್‌ಲಾಕ್‌ನ ಹೆಸರು. ಡಾ. ಟಿ.ಎಂ.ಎ. ಪೈ 1953ರಲ್ಲಿ ಕಟ್ಟಿದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಗಳಿಗೆ ಇದರ ವಾರ್ಡುಗಳೇ ಪಾಠಶಾಲೆಯಾದವು. ಖಾಸಗಿ ಕಾಲೇಜು ಬಡವರ ಆಸ್ಪತ್ರೆಗೆ ಹೆಗಲು ಕೊಟ್ಟ ಈ ಏರ್ಪಾಡು ಊರಿನ ವೈದ್ಯಕೀಯ ಚರಿತ್ರೆಯ ದೊಡ್ಡ ತಿರುವು.

ಕಾಲೇಜು ಹುಟ್ಟಿದ ಮರುವರ್ಷವೇ ಫ್ರಾನ್ಸಿನ ಲಾಟಾರ್ಜೆ ಹೊಸ ದಾರಿ ಹಿಡಿದ. ಭುಜದೆಲುಬಿನ ಕೊಕ್ಕಿನಂಥ ಚಾಚನ್ನು ಸ್ನಾಯುಸಹಿತ ಕತ್ತರಿಸಿ, ಪದೇಪದೇ ಜಾರಿ ಸವೆದ ಬಟ್ಟಲಿನ ಅಂಚಿಗೆ ಸ್ಕ್ರೂ ಹಾಕಿ ಕೂರಿಸುವುದು. ಎಲುಬಿನ ಕೊರತೆಯೂ ತುಂಬಿತು, ಸ್ನಾಯು ಮುಂದಿನಿಂದ ತಡೆಯೂ ಆಯಿತು.

ಬಳಿಕ ಆರ್ತ್ರೋಸ್ಕೊಪಿ ಬಂತು. ಸಣ್ಣ ರಂಧ್ರಗಳಿಂದ ಕ್ಯಾಮೆರಾ ಇಳಿಸಿ ಬ್ಯಾಂಕಾರ್ಟನ ಹೊಲಿಗೆ ಹಾಕುವುದು ಎಲ್ಲರಿಗೂ ಹಿತವೆನಿಸಿತು. ಆ ಉತ್ಸಾಹಕ್ಕೆ ಕಡಿವಾಣ ಹಾಕಿದ್ದು 2000ದಲ್ಲಿ ಬರ್ಕ್‌ಹಾರ್ಟ್ ಮತ್ತು ಡಿ ಬೀರ್ ಪ್ರಕಟಿಸಿದ 194 ಶಸ್ತ್ರಚಿಕಿತ್ಸೆಗಳ ಲೆಕ್ಕ. ಎಲುಬು ದೊಡ್ಡದಾಗಿ ಸವೆಯದವರಲ್ಲಿ ಮತ್ತೆ ಜಾರಿದ್ದು ಶೇ. 4, ಸವೆದವರಲ್ಲಿ ಶೇ. 67. ರಗ್ಬಿಯಂಥ ಮೈತಾಗುವ ಆಟದವರಲ್ಲಿ ಎಲುಬು ಸವೆದಿದ್ದರೆ ಶೇ. 89! ಕಬಡ್ಡಿಯ ನಾಡು ಕಿವಿಗೊಡಲೇಬೇಕಾದ ಅಂಕಿ ಇದು.

ಹಾಗಾಗಿ ಈಗ ಮೊದಲು ಸಿ.ಟಿ. ಸ್ಕ್ಯಾನಿನಲ್ಲಿ ಸವೆತ ಅಳೆಯುತ್ತಾರೆ. ತೋಳೆಲುಬಿನ ಗುಳಿ ಅಂಚಿಗೆ ಸಿಕ್ಕಿಕೊಳ್ಳುವಂತಿದ್ದರೆ ಹಿಂಭಾಗದ ಸ್ನಾಯುರಜ್ಜುವನ್ನು ಕ್ಯಾಮೆರಾ ಮೂಲಕವೇ ಅದರೊಳಗೆ ಹೊಲಿಯುತ್ತಾರೆ. ಬಟ್ಟಲಿನ ಕಾಲುಭಾಗದಷ್ಟು ಹೋಗಿದ್ದರೆ ಲಾಟಾರ್ಜೆಯ ದಾರಿಯೇ ಸಾಮಾನ್ಯ. ಜೋಡಿಸಿದ ಎಲುಬು ಬೆಸೆದದ್ದು ಖಚಿತವಾಗದೆ ಆಟಗಾರನನ್ನು ಅಂಕಣಕ್ಕೆ ಬಿಡುವುದಿಲ್ಲ.